ರಾತ್ರಿ ನಾಯಿಯನ್ನು ಒಳಗೆ ಕರೆದುಕೊಳ್ಳಿ

ಕೇಳುಗರೇ, ನಮಸ್ಕಾರ.

ಊರಂಚಿನ ಹೊಸ ಲೇಔಟುಗಳಲ್ಲಿ ಒಂದು ರೂಢಿ ಇದೆ. ಮನೆ ಕಟ್ಟಿ ಮುಗಿಸಿದ ಮೇಲೆ ಕಾವಲಿಗೆ ಅಂತ ಒಂದು ನಾಯಿ ತರುತ್ತಾರೆ. ಗೇಟಿನ ಪಕ್ಕ ಚೈನು ಹಾಕಿ ಕಟ್ಟುತ್ತಾರೆ. ರಾತ್ರಿ ಊಟ ಮುಗಿಸಿ, ಬಾಗಿಲು ಹಾಕಿ ಮನೆಯವರೆಲ್ಲ ಮಲಗುತ್ತಾರೆ. ಕಳ್ಳ ಬಂದರೆ ನಾಯಿ ಬೊಗಳುತ್ತದೆ ಅನ್ನೋದು ಲೆಕ್ಕ. ಆದರೆ ಹತ್ತಿರದಲ್ಲಿ ಬಂಡೆಗುಡ್ಡವೋ, ಕುರುಚಲು ಕಾಡೋ, ಕಬ್ಬಿನ ಗದ್ದೆಯೋ ಇದ್ದರೆ ಆ ಬೊಗಳುವ ಸದ್ದು ಚಿರತೆಯ ಕಿವಿಗೂ ಬೀಳುತ್ತದೆ. ಚೈನಿನಲ್ಲಿರುವ ನಾಯಿ ಓಡಲಾರದು, ಅವಿತುಕೊಳ್ಳಲಾರದು. ನಾನು ಪಶುವೈದ್ಯ. ನೇರವಾಗಿಯೇ ಹೇಳುತ್ತೇನೆ. ಅಂಥ ಜಾಗದಲ್ಲಿ ರಾತ್ರಿ ಹೊರಗೆ ನಾಯಿ ಕಟ್ಟೋದು ಅಂದರೆ ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ.

ಚಿರತೆಗೆ ನಾಯಿ ಅಂದರೆ ಯಾಕಿಷ್ಟು ಇಷ್ಟ ಅಂತ ಜನ ಕೇಳುತ್ತಾರೆ. ಇಷ್ಟಕ್ಕಿಂತ ಇದು ಅನುಕೂಲದ ವಿಷಯ. ನಾಯಿಯ ಗಾತ್ರ ಚಿರತೆಗೆ ಸರಿಯಾಗಿ ಹೊಂದುತ್ತದೆ. ಕುತ್ತಿಗೆ ಹಿಡಿದು ಸದ್ದಿಲ್ಲದೆ ಎತ್ತಿಕೊಂಡು ಹೋಗಬಹುದು. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ, ಕಾಡಿಲ್ಲದ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳ ಲದ್ದಿ ತಂದು ಸಂಶೋಧಕರು ಪರೀಕ್ಷೆ ಮಾಡಿದ್ದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅವು ತಿಂದ ಬೇಟೆಯ ತೂಕದಲ್ಲಿ ಶೇಕಡಾ 39 ನಾಯಿಗಳದ್ದೇ. ಅಲ್ಲಿ ಮೇಕೆಗಳೂ ಬೇಕಾದಷ್ಟಿದ್ದವು. ಆದರೆ ಮೇಕೆಯನ್ನು ರೈತ ಸಂಜೆಯೇ ಕೊಟ್ಟಿಗೆಗೆ ಸೇರಿಸಿ ಬಾಗಿಲು ಹಾಕುತ್ತಾನೆ, ನಾಯಿ ಹೊರಗೇ ಉಳಿಯುತ್ತದೆ. ವ್ಯತ್ಯಾಸ ಇಷ್ಟೇ ನೋಡಿ.

ಇದು ದೂರದ ಕಾಡಿನ ಕಥೆ ಅಂತ ಅಂದುಕೊಳ್ಳಬೇಡಿ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅದೂ ಮುಖ್ಯವಾಗಿ ಕಾಡಿನೊಳಗೆ ನಡೆದ ಎಣಿಕೆ. ತುಮಕೂರು, ರಾಮನಗರ ಕಡೆಯ ಬಂಡೆಗುಡ್ಡಗಳಲ್ಲಿ, ಮೈಸೂರು ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಇರುವವು ಪೂರ್ತಿ ಇದರಲ್ಲಿ ಸೇರಿಲ್ಲ. ಬೆಂಗಳೂರಿಗೆ ಬನ್ನೇರುಘಟ್ಟದ ಕಾಡು ಅಂಟಿಕೊಂಡೇ ಇದೆ. ಮೈಸೂರಿನ ಚಾಮುಂಡಿ ಬೆಟ್ಟದಲ್ಲೂ ಚಿರತೆ ಇದೆ. 2023ರಲ್ಲಿ ಬೆಂಗಳೂರಿನ ಕೂಡ್ಲು ಗೇಟ್ ಹತ್ತಿರ ಅಪಾರ್ಟ್‌ಮೆಂಟುಗಳ ನಡುವೆಯೇ ಒಂದು ಚಿರತೆ ಓಡಾಡಿತ್ತು. 2024ರ ಕೊನೆಯ ದಿನ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನ ಕ್ಯಾಮೆರಾದಲ್ಲಿ ಇನ್ನೊಂದು ಕಾಣಿಸಿತು, ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಿ ಅಂದರು. ಇಂಥ ಸುದ್ದಿ ಬಂದಾಗ ನಾಲ್ಕು ದಿನ ಗದ್ದಲ, ಆಮೇಲೆ ಎಲ್ಲರೂ ಮರೆಯುತ್ತಾರೆ. ಚಿರತೆ ಮಾತ್ರ ಅಲ್ಲೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಕತ್ತಲಾದ ಮೇಲೆ ನಾಯಿಯನ್ನು ಮನೆಯೊಳಗೆ ಕರೆದುಕೊಳ್ಳಿ. ಅಡುಗೆಮನೆಯ ಮೂಲೆ, ಸ್ಟೋರ್ ರೂಮು, ಬಾಗಿಲು ಹಾಕಿದ ವರಾಂಡ, ಯಾವುದಾದರೂ ಸರಿ. "ಅಯ್ಯೋ, ನಮ್ಮದು ಒಳಗೆ ಮಲಗೋ ನಾಯಿ ಅಲ್ಲ ಡಾಕ್ಟ್ರೇ" ಅನ್ನುವವರಿದ್ದಾರೆ. ಒಂದು ಹಳೆ ಗೋಣಿಚೀಲ ಹಾಸಿ ಕೆಲವು ದಿನ ಕರೆದು ನೋಡಿ, ತಾನಾಗಿಯೇ ಬಂದು ಮಲಗುತ್ತದೆ. ಮೈಲಿಗೆ ಅನ್ನೋ ಹಿರಿಯರು ಮನೆಯಲ್ಲಿದ್ದರೆ ಗೂಡನ್ನಾದರೂ ಗಟ್ಟಿಯಾಗಿ ಮಾಡಿಸಿ. ಕೋಳಿಗೂಡಿಗೆ ಹೊಡೆಯುವ ತೆಳು ಜಾಲರಿ ಸಾಲದು, ಬೆಸುಗೆ ಹಾಕಿದ ದಪ್ಪ ಕಂಬಿ ಬೇಕು. ಮೇಲ್ಗಡೆ ಕಡ್ಡಾಯವಾಗಿ ಮುಚ್ಚಿರಬೇಕು. ಜನ ನಾಲ್ಕೂ ಕಡೆ ಗೋಡೆ ಎಬ್ಬಿಸಿ ಮೇಲೆ ಬಯಲು ಬಿಡುತ್ತಾರೆ. ಆಳೆತ್ತರದ ಕಾಂಪೌಂಡು ಚಿರತೆಗೆ ಒಂದು ಲೆಕ್ಕವೇ ಅಲ್ಲ. ಪಂಜ ತೂರದಷ್ಟು ಸಣ್ಣ ಕಿಂಡಿ ಇರಲಿ, ಬಾಗಿಲಿಗೆ ಚಿಲಕ ಇರಲಿ.

ದೀಪ ಹಾಕಿದರೆ ಬರಲ್ಲ ಅಲ್ವಾ ಅಂತ ಕೇಳುತ್ತಾರೆ. ದೀಪದಿಂದ ನಿಮಗೆ ಅಂಗಳ ಕಾಣುತ್ತದೆ, ಅದು ಒಳ್ಳೆಯದೇ. ಆದರೆ ಊರ ಬೆಳಕಿಗೆ ಒಗ್ಗಿದ ಚಿರತೆ ಸುಮ್ನೆ ಒಂದು ಬಲ್ಬು ನೋಡಿ ಹಿಂದೆ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಚಿರತೆ ಮೊದಲು ಬಾಯಿ ಹಾಕುವುದು ಕುತ್ತಿಗೆಗೇ ಆದ್ದರಿಂದ ಅದೊಂದು ಜಾಣತನ. ಹಾಗಂತ ಪಟ್ಟಿ ಕಟ್ಟಿ ರಾತ್ರಿಯಿಡೀ ಹೊರಗೆ ಬಿಡಬಹುದು ಅಂತಲ್ಲ.

ಇನ್ನೊಂದು ವಿಷಯ ಬೀದಿಯವರೆಲ್ಲ ಸೇರಿ ಮಾಡಬೇಕಾದದ್ದು. ಖಾಲಿ ಸೈಟಿನಲ್ಲಿ ಕೋಳಿ ಅಂಗಡಿಯ ಕಸ ಸುರಿಯುತ್ತಾರೆ. ಕಸಕ್ಕೆ ಬೀದಿನಾಯಿ ಬರುತ್ತವೆ, ಹಂದಿ ಬರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತದೆ. ಪಕ್ಕದ ಸೈಟಿನಲ್ಲಿ ಲಂಟಾನ ಆಳೆತ್ತರ ಬೆಳೆದಿದ್ದರೆ ಅವಿತುಕೊಳ್ಳಲು ಜಾಗವೂ ಸಿಕ್ಕಿತು. ಸೈಟಿನ ಮಾಲೀಕರು ಎಲ್ಲೋ ಹೊರದೇಶದಲ್ಲಿರುತ್ತಾರೆ, ಫೋನು ಎತ್ತಲ್ಲ. ಆದರೂ ಬೆನ್ನು ಬಿಡಬೇಡಿ.

ಕೆಲವರು ಇದೆಲ್ಲ ಯಾಕೆ, ಬೋನು ಇಟ್ಟು ಹಿಡಿದು ದೂರ ಬಿಟ್ಟು ಬರಲಿ ಅನ್ನುತ್ತಾರೆ. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ 2001ರಿಂದ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ಅದಕ್ಕೂ ಮೊದಲು ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇತ್ತು. ಹಿಡಿದು ಬಿಡಲು ಶುರು ಮಾಡಿದ ಮೇಲೆ 17ಕ್ಕೆ ಏರಿತು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಗಾಬರಿಯಲ್ಲಿ ಅಲೆಯುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಮನುಷ್ಯರ ಮೇಲೇ ಬೀಳುವ ಚಿರತೆಯ ಮಾತು ಬೇರೆ, ಅದನ್ನು ಹಿಡಿಯಲೇಬೇಕು. ಆದರೆ ನಾಯಿ ಹೋಯಿತು ಅಂತ ಬೋನು ಕೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಉರುಳು ಹಾಕುವುದು, ಬೇಲಿಗೆ ಕರೆಂಟ್ ಕೊಡುವುದು, ಮಾಂಸಕ್ಕೆ ವಿಷ ಬೆರೆಸುವುದು ಅಪರಾಧ. ಆ ವಿಷ ತಿಂದು ಮೊದಲು ಸಾಯುವುದು ಪಕ್ಕದ ಮನೆಯ ನಾಯಿಯೇ.

ನಸುಕಿನಲ್ಲಿ, ಸಂಜೆ ಮಬ್ಬಿನಲ್ಲಿ ನಾಯಿಯನ್ನು ತಿರುಗಾಡಿಸಲು ಹೋದರೆ ಹಗ್ಗ ಕೈಯಲ್ಲಿರಲಿ, ಟಾರ್ಚ್ ಇರಲಿ. ಕಿವಿಗೆ ಇಯರ್‌ಫೋನ್ ಬೇಡ. ಚಿರತೆ ಎದುರಾದರೆ ಓಡಬೇಡಿ, ಬಗ್ಗಬೇಡಿ. ಜೋರಾಗಿ ಮಾತಾಡುತ್ತಾ, ಮುಖ ಅದರ ಕಡೆಗೇ ಇಟ್ಟುಕೊಂಡು ಹಿಂದೆ ಸರಿಯಿರಿ. ನಾಯಿಯನ್ನು ಹಿಡಿದೇಬಿಟ್ಟಿದ್ದರೆ ಬಿಡಿಸಲು ಕೈ ಹಾಕಬೇಡಿ. ಸಾಕಿದವರಿಗೆ ಇದು ಕೇಳಲು ಕಷ್ಟ, ನನಗೆ ಗೊತ್ತು. ಚಿರತೆ ಕೊಟ್ಟಿಗೆಗೋ ಮನೆಗೋ ನುಗ್ಗಿದರೆ ಹೊರಗಿನಿಂದ ಬಾಗಿಲು ಹಾಕಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವಿಡಿಯೋ ಮಾಡಲು ಕಿಟಕಿಗೆ ಜನ ಮುತ್ತದಂತೆ ನೋಡಿಕೊಳ್ಳಿ. 2016ರಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ, ಚಿರತೆಗಳನ್ನೇ ಅಧ್ಯಯನ ಮಾಡುವ ಸಂಜಯ್ ಗುಬ್ಬಿಯವರಿಗೇ ಗಾಯಗಳಾದವು. ಮಿಕ್ಕವರ ಪಾಡೇನು?

ಚಿರತೆಯ ಬಾಯಿಂದ ತಪ್ಪಿಸಿಕೊಂಡು ಬಂದ ನಾಯಿಯ ಕುತ್ತಿಗೆಯಲ್ಲಿ ಎರಡು ಮೂರು ಸಣ್ಣ ತೂತು ಕಾಣುತ್ತವೆ, ಅಷ್ಟೇ. ಜನ ಅರಿಶಿನ ಮೆತ್ತಿ ಸುಮ್ಮನಾಗುತ್ತಾರೆ. ಒಳಗೆ ಹಲ್ಲು ಆಳಕ್ಕೆ ಇಳಿದು ಕೀವು ತುಂಬಲು ಶುರುವಾಗಿರುತ್ತದೆ. ಅದೇ ದಿನ ಆಸ್ಪತ್ರೆಗೆ ತನ್ನಿ. ಕಾಡುಪ್ರಾಣಿ ಕಚ್ಚಿದ ನಾಯಿಗೆ ರೇಬೀಸ್ ಲಸಿಕೆ ಮೊದಲೇ ಆಗಿದ್ದರೂ ಮತ್ತೆ ಹಾಕಬೇಕಾಗುತ್ತದೆ. ಡಿಸ್ಟೆಂಪರ್ ಲಸಿಕೆಯನ್ನೂ ತಪ್ಪಿಸಬೇಡಿ. ಅದು ನಾಯಿಯಿಂದ ಕಾಡುಪ್ರಾಣಿಗಳಿಗೂ ಹೋಗುವ ರೋಗ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ವೈರಸ್.

ಕೋಳಿ ಸಾಕಿದವರಿಗೆ ಒಂದೇ ಮಾತು. ಮುಂಗುಸಿ ನೆಲ ಕೆರೆದು ನುಗ್ಗುತ್ತದೆ, ಪುನುಗುಬೆಕ್ಕು ಮೇಲಿನಿಂದ ಇಳಿಯುತ್ತದೆ, ಕರಾವಳಿಯಾದರೆ ಹೆಬ್ಬಾವೂ ಬರುತ್ತದೆ. ಜಾಲರಿಯನ್ನು ಒಂದಡಿ ಮಣ್ಣಿನೊಳಕ್ಕೂ ಇಳಿಸಿ. ಬೆಕ್ಕನ್ನು ರಾತ್ರಿ ಒಳಗೇ ಇಟ್ಟುಕೊಂಡರೆ ಆಯಿತು.

ಚಿರತೆಗಿಂತ ಜಾಸ್ತಿ ಮನೆಗಳಿಗೆ ಬರುವುದು ಹಾವು. ನಾಯಿ ಮೂಸಲು ಹೋಗುತ್ತದೆ, ಹಾಗಾಗಿ ಮೂತಿಗೋ ಮುಂಗಾಲಿಗೋ ಕಚ್ಚಿಸಿಕೊಳ್ಳುತ್ತದೆ. ಕೊಳಕುಮಂಡಲ ಕಚ್ಚಿದರೆ ಊತ, ರಕ್ತ ಸೋರಿಕೆ. ನಾಗರಹಾವಾದರೆ ಜೊಲ್ಲು, ತೂರಾಟ, ಉಸಿರಾಟದ ಕಷ್ಟ. ಗಾಯ ಕೊಯ್ಯಬೇಡಿ, ದಾರ ಬಿಗಿಯಬೇಡಿ. ಕುತ್ತಿಗೆಯ ಬೆಲ್ಟ್ ಬಿಚ್ಚಿ, ನಡೆಸದೆ ಎತ್ತಿಕೊಂಡು ಬನ್ನಿ. ಮನುಷ್ಯರಿಗೆ ಕೊಡುವ ಔಷಧಿಯನ್ನೇ ನಾಯಿಗೂ ಕೊಡುತ್ತೇವೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಗುತ್ತದೆ. ಆದರೆ ಎಲ್ಲ ಪಶು ಆಸ್ಪತ್ರೆಗಳಲ್ಲೂ ಅದು ಇರುವುದಿಲ್ಲ. ನಿಮ್ಮ ಹತ್ತಿರ ಯಾರ ಬಳಿ ಇರುತ್ತದೆ, ರಾತ್ರಿ ಬಾಗಿಲು ತೆಗೆಯುವವರು ಯಾರು ಅಂತ ಈ ವಾರವೇ ವಿಚಾರಿಸಿ, ನಂಬರು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ನಮಸ್ಕಾರ.