ಹಿತ್ತಾಳೆ ಪಾತ್ರೆಯ ಹಾಲು ಮತ್ತು ಮಕ್ಕಳ ಯಕೃತ್ತು

ನಮಸ್ಕಾರ. ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರು ಯಕೃತ್ತಿಗೆ ಕೆಡುಕು ಮಾಡುತ್ತದೆಯೇ ಎಂದು ವೀಕ್ಷಕರು ಪದೇ ಪದೇ ಕೇಳುತ್ತಿದ್ದೀರಿ. ಉತ್ತರ ಹುಡುಕುತ್ತಾ ಹೋದ ನನಗೆ ನೀರಿಗಿಂತ ಹಾಲಿನ ಕಥೆಯೇ ಹೆಚ್ಚು ಗಂಭೀರವಾಗಿ ಕಂಡಿತು.

ಯಕೃತ್ತಿನ ಕೆಲಸಗಳ ಪಟ್ಟಿಯನ್ನು ಪಠ್ಯಪುಸ್ತಕಕ್ಕೆ ಬಿಡೋಣ. ದೇಹಕ್ಕೆ ತಾಮ್ರ ಅತ್ಯಲ್ಪ ಸಾಕು, ಮಿಕ್ಕಿದ್ದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ ಎಂಬುದಷ್ಟು ನೆನಪಿರಲಿ.

(ತೆರೆಯ ಮೇಲೆ: ಕೋಲ್ಕತ್ತ, 1887)

ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ ಎಂಬ ಕಾಯಿಲೆಯನ್ನು ಮೊದಲು ವರದಿ ಮಾಡಿದವರು ಕೋಲ್ಕತ್ತದ ಸೇನ್ ಎಂಬ ವೈದ್ಯರು. ಆರು ತಿಂಗಳು ದಾಟಿದ ಕೂಸುಗಳ ಹೊಟ್ಟೆ ಉಬ್ಬುತ್ತಿತ್ತು, ಯಕೃತ್ತು ದಪ್ಪಗಾಗಿ ಗಟ್ಟಿಯಾಗುತ್ತಿತ್ತು, ಕಾಮಾಲೆ ಕಾಣಿಸಿಕೊಂಡ ಮೇಲೆ ಹೆಚ್ಚಿನವು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿದ್ದವು. 1970ರ ದಶಕದ ಕೊನೆಯಲ್ಲಿ ಇಂಥ ಮಕ್ಕಳ ಯಕೃತ್ತಿನ ತುಣುಕುಗಳಿಗೆ ಆರ್ಸೀನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳ ತುಂಬ ತಾಮ್ರ ಅಂಟಿಕೊಂಡ ಪ್ರೋಟೀನಿನ ಕಣಗಳು ಕಂಡವು. ಆರೋಗ್ಯವಂತರ ಒಣ ಯಕೃತ್ತಿನಲ್ಲಿ ಗ್ರಾಂ ಒಂದಕ್ಕೆ 50 ಮೈಕ್ರೋಗ್ರಾಂಗೂ ಕಡಿಮೆ ತಾಮ್ರವಿರುತ್ತದೆ. ಈ ಮಕ್ಕಳಲ್ಲಿ ಅನೇಕರಿಗೆ ಅದು ಸಾವಿರವನ್ನೂ ದಾಟಿತ್ತು.

ಅಷ್ಟು ತಾಮ್ರ ಎಲ್ಲಿಂದ ಬಂತು? ಪುಣೆಯ ಮಕ್ಕಳ ವೈದ್ಯರಾದ ಶೀಲಾ ಭಾವೆ ಮತ್ತು ಆನಂದ್ ಪಂಡಿತ್ ಅವರು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಮತ್ತಿತರರೊಡನೆ 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆರಳು ತೋರಿಸಿದ್ದು, ತಾಮ್ರಕ್ಕೆ ಸತು ಬೆರೆಸಿ ಮಾಡಿದ ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿಟ್ಟು ಕೂಸಿಗೆ ಬೇಗನೆ ಕುಡಿಸಲಾರಂಭಿಸಿದ ಹಸು ಅಥವಾ ಎಮ್ಮೆಯ ಹಾಲಿನತ್ತ.

ನನ್ನನ್ನು ಬೆರಗುಗೊಳಿಸಿದ ಸಂಗತಿ ಇದೇ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬುತ್ತದೆ ಎಂಬುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು, ಆದರೆ ಹಾಲನ್ನು ಶಂಕಿಸಲು ಯಾರಿಗೂ ಕಾರಣವಿರಲಿಲ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಹುಳಿಯ ನೆರವಿಲ್ಲದೆಯೇ ಪಾತ್ರೆಯ ತಾಮ್ರ ಹಾಲಿಗೆ ಇಳಿಯುತ್ತದೆ. ತಾಯಿಯ ಹಾಲಿಗಿಂತ ಹಸುವಿನ ಹಾಲಿನಲ್ಲಿ ಕೇಸೀನ್ ಎಷ್ಟೋ ಹೆಚ್ಚು.

ಯಕೃತ್ತನ್ನು ಒಂದು ಕೆರೆ ಎಂದುಕೊಳ್ಳಿ. ಹುಟ್ಟುವಾಗಲೇ ಈ ಕೆರೆ ಅರ್ಧ ತುಂಬಿರುತ್ತದೆ, ಏಕೆಂದರೆ ನವಜಾತ ಶಿಶುವಿನ ಯಕೃತ್ತು ಮೆಟಲೋಥಯೋನೀನ್ ಎಂಬ ಪ್ರೋಟೀನಿಗೆ ಅಂಟಿಸಿಕೊಂಡು ಸಾಕಷ್ಟು ತಾಮ್ರವನ್ನು ಕೂಡಿಟ್ಟಿರುತ್ತದೆ. ಪಿತ್ತರಸವೆಂಬ ತೂಬು ಎಳೆಯ ವಯಸ್ಸಿನಲ್ಲಿ ಪೂರ್ತಿ ತೆರೆದಿರುವುದಿಲ್ಲ. ಅಂಥ ಹೊತ್ತಿನಲ್ಲಿ ದಿನಕ್ಕೆ ಹಲವು ಬಾರಿ ತಾಮ್ರದ ಹಾಲು ಹರಿದುಬಂದರೆ ಕೋಡಿ ಬೀಳುತ್ತದೆ, ಅಂದರೆ ಹಿಡಿತಕ್ಕೆ ಸಿಗದ ತಾಮ್ರವು ಜೀವಕೋಶದ ಪೊರೆಗಳನ್ನೂ ಪ್ರೋಟೀನುಗಳನ್ನೂ ಉತ್ಕರ್ಷಿಸಿ ಕೆಡಿಸುತ್ತದೆ. ವಿಲ್ಸನ್ ಕಾಯಿಲೆ ಎಂಬ ಆನುವಂಶಿಕ ರೋಗದಲ್ಲಾದರೋ ಎಟಿಪಿ7ಬಿ ಜೀನಿನ ದೋಷದಿಂದ ತೂಬೇ ಕೆಟ್ಟಿರುತ್ತದೆ.

ಹಾಗಾದರೆ ಚೊಂಬಿನ ನೀರು? ಬರಿಯ ನೀರು ಹಾಲಿನಷ್ಟು ತಾಮ್ರವನ್ನು ಎಳೆದುಕೊಳ್ಳುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರವಿರಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ. ವಿಲ್ಸನ್ ಕಾಯಿಲೆಯವರು ಚೊಂಬಿನ ನೀರನ್ನು ದೂರವಿಡಬೇಕು. ಉಳಿದವರು ಅದರಲ್ಲಿ ನಿಂಬೆಹಣ್ಣು ಹಿಂಡಿಡದಿದ್ದರೆ ಸಾಕು. ಚೊಂಬಿನ ನೀರು ಸಕಲ ರೋಗಕ್ಕೂ ಮದ್ದು ಎನ್ನುವವರ ಜೊತೆ ವಾದಿಸಲು ಬೇರೊಂದು ವಿಡಿಯೋ ಬೇಕಾಗುತ್ತದೆ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಕಾಮಾಲೆಗೆ ಮುನ್ನವೇ, ದೇಹದ ತಾಮ್ರವನ್ನು ಹೊರಹಾಕಿಸುವ ಪೆನಿಸಿಲಮೈನ್ ಎಂಬ ಔಷಧಿ ಕೊಟ್ಟಾಗ ಕೆಲವು ಮಕ್ಕಳು ಬದುಕಿದರು. ಪುಣೆಯ ಸುತ್ತಮುತ್ತ ಹಾಲಿನ ಪಾತ್ರೆ ಬದಲಾದಂತೆ ಕಾಯಿಲೆಯೇ ಕ್ಷೀಣಿಸಿತು. ಇದು ಭಾರತಕ್ಕೆ ಸೀಮಿತವೂ ಆಗಿರಲಿಲ್ಲ: ಆಸ್ಟ್ರಿಯದ ಟಿರೋಲ್ ಪ್ರಾಂತ್ಯದಲ್ಲಿ 1900ರಿಂದ 1974ರವರೆಗೆ 138 ಕೂಸುಗಳು ಇಂಥದೇ ಕಾಯಿಲೆಗೆ ತುತ್ತಾಗಿದ್ದವೆಂದು 1996ರ ವರದಿ ಹೇಳುತ್ತದೆ, ಅಲ್ಲಿಯೂ ಹಾಲು ಕಾಯುತ್ತಿದ್ದುದು ಕಲಾಯಿ ಇಲ್ಲದ ತಾಮ್ರದ ಪಾತ್ರೆಗಳಲ್ಲಿ. ಆದರೆ ಅದೇ ಹಾಲು ಕುಡಿದ ಎಲ್ಲ ಮಕ್ಕಳೂ ಕಾಯಿಲೆ ಬೀಳಲಿಲ್ಲ. ಟಿರೋಲಿನ ವಂಶಾವಳಿಗಳು ಆನುವಂಶಿಕ ದೌರ್ಬಲ್ಯದತ್ತ ಬೊಟ್ಟು ಮಾಡುತ್ತವೆ, ಆದರೂ ಆ ಜೀನು ಇಂದಿಗೂ ಖಚಿತವಾಗಿಲ್ಲ. ರೋಗಿಗಳೇ ಅಪರೂಪವಾದ ಮೇಲೆ ಅದನ್ನು ಹುಡುಕಲು ಬೇಕಾದ ಮಾದರಿಗಳೂ ಅಪರೂಪವಾಗಿವೆ.