ಮರಳ ದಾರಿಯ ಬಾವಿಗಳು

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಕ್ಕಡದ ಮಳೆಯಲ್ಲಿ ಚಕ್ರಕ್ಕೆ ಚೈನ್ ಕಟ್ಟಿ ತೋಟದ ಏರು ಹತ್ತಿಸುವವರು, ಮಾಂದಲಪಟ್ಟಿಗೆ ಜೀಪು ಓಡಿಸುವವರು ನಮ್ಮ ಕೊಡಗಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲ ತಿಳಿದಿರಬೇಕಾದ ದಾರಿಯೊಂದು ಪಶ್ಚಿಮ ಆಸ್ಟ್ರೇಲಿಯಾದಲ್ಲಿದೆ. ಹೆಸರು ಕ್ಯಾನಿಂಗ್ ಸ್ಟಾಕ್ ರೂಟ್. ವಿಲುನಾದಿಂದ ಹಾಲ್ಸ್ ಕ್ರೀಕ್‌ವರೆಗೆ ಸುಮಾರು 1,850 ಕಿಲೋಮೀಟರ್ ಮರುಭೂಮಿ, ನಡುವೆ 900ಕ್ಕೂ ಹೆಚ್ಚು ಮರಳ ದಿಬ್ಬಗಳು.

ಕೆಸರಿನಲ್ಲಿ ಪಳಗಿದ ಕೈಯೂ ಅಲ್ಲಿ ಹೊಸದಾಗಿ ಕಲಿಯಬೇಕು. ಮೊದಲ ಕೆಲಸವೇ ಟಯರಿನ ಗಾಳಿ ಬಿಡುವುದು. 35 ಪಿಎಸ್‌ಐ ಒತ್ತಡ ಇದ್ದದ್ದನ್ನು 20ರ ಆಸುಪಾಸಿಗೆ ಇಳಿಸಿದರೆ ಟಯರು ಚಪ್ಪಟೆಯಾಗಿ, ಭಾರ ಹರಡಿ, ಚಕ್ರ ಹೂತುಕೊಳ್ಳದೆ ಸಾಗುತ್ತದೆ. ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ; ಬಂದ ಜಾಡಿನಲ್ಲೇ ಹಿಂದೆ ಸರಿದು ಮತ್ತೆ ಹತ್ತಬೇಕು. ದಿಬ್ಬದ ಆಚೆಯಿಂದ ಬರುವವರಿಗೆ ಕಾಣಲೆಂದು ಗಾಡಿಗೆ ಎತ್ತರದ ಬಾವುಟ ಕಟ್ಟುತ್ತಾರೆ. ಇನ್ನು ಸ್ಪಿನಿಫೆಕ್ಸ್ ಎಂಬ ಹುಲ್ಲು. ಒಣಗಿದ ಹುಲ್ಲು ಗಾಡಿಯ ತಳದಲ್ಲಿ ಸೈಲೆನ್ಸರ್ ಪೈಪಿನ ಬಳಿ ಸೇರಿಕೊಂಡು, ಬಿಸಿಗೆ ಹೊತ್ತಿ, ಗಾಡಿಗೆ ಗಾಡಿಯೇ ಸುಟ್ಟುಹೋದದ್ದುಂಟು. ಆಗಾಗ ನಿಲ್ಲಿಸಿ, ಕೆಳಗೆ ನುಸುಳಿ, ಕಿತ್ತು ತೆಗೆಯಲೇಬೇಕು.

ಆ ದಾರಿಯ ಜೀವ ಮಾತ್ರ ಇರುವುದು ಬಾವಿಗಳಲ್ಲಿ. ಕಾವೇರಿ ಹುಟ್ಟುವ ನಾಡಿನ ನಾವು ಈ ಕಥೆಯನ್ನು ಕೇಳಲೇಬೇಕು. ಉತ್ತರದ ದನಗಳನ್ನು ದಕ್ಷಿಣಕ್ಕೆ ಹೊಡೆದುಕೊಂಡು ಹೋಗಲು 1908ರಿಂದ 1910ರವರೆಗೆ ತೋಡಿದ ಬಾವಿಗಳವು. 1ರಿಂದ 51ರವರೆಗೆ ಸಂಖ್ಯೆ ಹಾಕಿದ್ದಾರೆ. ಅದಕ್ಕೂ ಮುಂಚೆ, 1906ರಲ್ಲಿ, ಸರ್ವೆಗೆ ಹೊರಟ ಆಲ್ಫ್ರೆಡ್ ಕ್ಯಾನಿಂಗ್‌ಗೆ ನೀರು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಾರ್ಟು ಮೊದಲಾದ ಮೂಲನಿವಾಸಿಗಳಿಗೆ. ಅವರನ್ನು ಹಿಡಿದು, ಸರಪಳಿ ಬಿಗಿದು, ನೀರಿನ ನೆಲೆ ತೋರಿಸುವಂತೆ ಮಾಡಿದರು. 1908ರ ವಿಚಾರಣಾ ಆಯೋಗದ ಮುಂದೆ ಕ್ಯಾನಿಂಗ್ ಇದನ್ನು ಒಪ್ಪಿಕೊಂಡರೂ ಆಯೋಗ ಅವರನ್ನು ದೋಷಮುಕ್ತಗೊಳಿಸಿತು. ನನ್ನ ಮಟ್ಟಿಗೆ ಅದು ಅನ್ಯಾಯವೇ. ಮೂಲನಿವಾಸಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಒರತೆಗಳ ಜಾಗದಲ್ಲೇ ಎಷ್ಟೋ ಬಾವಿ ಎದ್ದವು. ಭಾರದ ಬಕೆಟ್ ಮೇಲೆತ್ತಲಾಗದೆ, ತಮ್ಮದೇ ನೀರು ಕೈಗೆಟುಕದೆ, ಅವರು ಕೆಲವು ಬಾವಿಗಳನ್ನು ಕೆಡವಿಯೂ ಬಿಟ್ಟರು.

ಇಂದು ಆ ನೆಲದ ಮೇಲೆ ಮೂಲನಿವಾಸಿಗಳ ಹಕ್ಕಿಗೆ ಕಾನೂನಿನ ಮನ್ನಣೆಯಿದೆ. ಅವರ ನೆಲ ದಾಟಲು ಪರವಾನಗಿ ಬೇಕು. ನಮ್ಮವರು ಯಾರಾದರೂ ಹೊರಟರೆ ಮೇಯಿಂದ ಸೆಪ್ಟೆಂಬರ್ ನಡುವೆ, ಅಂದರೆ ಅಲ್ಲಿನ ತಂಪು ತಿಂಗಳುಗಳಲ್ಲಿ ಹೋಗಿ. ಒಂಟಿ ಗಾಡಿ ಬೇಡ, ಸ್ಯಾಟಲೈಟ್ ಫೋನ್ ಇರಲಿ. ಬಾವಿಗಳಲ್ಲಿ ಹಲವು ಕುಸಿದಿವೆ, ಕುಡಿಯುವ ನೀರನ್ನು ನೀವೇ ಒಯ್ಯಿರಿ. ನೀರಿರುವ ಬಾವಿಯ ಹತ್ತಿರ ಸೋಪು ಹಾಕಿ ಮೈಯನ್ನಾಗಲಿ ಬಟ್ಟೆಯನ್ನಾಗಲಿ ತೊಳೆಯಬೇಡಿ.

ನಮಸ್ಕಾರ.