ಹಳೆಯ ಎಂಜಿ, ನಾಲ್ಕು ಪ್ಲಗ್ಗು

ಕೇಳುಗರಿಗೆ ನಮಸ್ಕಾರ.

ನಮ್ಮ ತಂದೆ ಬೆಳಿಗ್ಗೆ ಜಗಲಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ಮೀಡಿಯಂ ವೇವ್, 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿ. ನಾನು ಶೆಡ್ಡಿನಲ್ಲಿ ಕಾರು ಸ್ಟಾರ್ಟ್ ಮಾಡಿದರೆ ಸಾಕು, ವಾರ್ತೆ ಓದುವವರ ದನಿಯ ಮೇಲೆ ಟರ್ರ್ ಅಂತ ಗೊರಗೊರ ಶುರುವಾಗುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಗೊರಗೊರ ಏರುತ್ತಿತ್ತು. "ವಾರ್ತೆ ಮುಗೀಲಿ ತಡಿಯೇ ಪುಟ್ಟಿ" ಅಂತ ಅಪ್ಪ ಅಲ್ಲಿಂದಲೇ ಕೂಗುತ್ತಿದ್ದರು. ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲು ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿಗೂ ಬಾನುಲಿಗೂ ನಂಟಿದೆ ಅಂತ ನನಗೆ ಗೊತ್ತಾದದ್ದು ಹಾಗೆ. ಕಿಡಿ ಹಾರಿದಾಗಲೆಲ್ಲ ರೇಡಿಯೋ ಅಲೆ ಏಳುತ್ತದೆ. 1880ರ ದಶಕದಲ್ಲಿ ಹೈನ್ರಿಷ್ ಹರ್ಟ್ಸ್ ಆ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದೂ ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿಸಿಯೇ. ಕಿಲೋಹರ್ಟ್ಸ್ ಅನ್ನುವಾಗ ನಾವು ಹೇಳುವುದು ಅವರ ಹೆಸರನ್ನೇ.

ಆ ಕಾರು ಈಗಲೂ ನಮ್ಮ ಮನೆಯಲ್ಲಿದೆ. 1965ರ ಎಂಜಿಬಿ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು. ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ವಿದೇಶಿ ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಅದರ ಪ್ಲಗ್ ಬದಲಿಸುವುದು ನಮ್ಮ ಕೈಗೆಟುಕುವ ಕೆಲಸವಲ್ಲ ಅಂತ ಅನೇಕರು ಹಿಂಜರಿಯುತ್ತಾರೆ. ವಿಲ್ಸನ್ ಗಾರ್ಡನ್ನಿನ ನಮ್ಮ ಮೇಸ್ತ್ರಿ ಮೊದಲ ಸಲ ಇದರ ಬಾನೆಟ್ ಎತ್ತಿ ನೋಡಿ, "ಅಯ್ಯೋ, ಇದು ಅಂಬಾಸಿಡರ್ ತಮ್ಮ ಅಲ್ವೇನಮ್ಮ!" ಅಂದಿದ್ದರು. ಅವರು ಹೇಳಿದ್ದು ನಿಜ. ಇದರದು 1798 ಸಿ.ಸಿ.ಯ ಬಿ ಸೀರೀಸ್ ಎಂಜಿನ್. ಅದೇ ಮನೆತನದ 1489 ಸಿ.ಸಿ. ಎಂಜಿನ್ನು ನಮ್ಮ ಅಂಬಾಸಿಡರಿನಲ್ಲಿ ದಶಕಗಟ್ಟಲೆ ಓಡಿತು. ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಎಂಜಿಯಲ್ಲಿ ಒಂದರ ಬದಲು ಎರಡು ಇವೆ, ಅಷ್ಟೇ. ಪ್ಲಗ್ಗುಗಳು ಒಂದು ಪಕ್ಕದಲ್ಲಿ ಸಾಲಾಗಿ, ಕೈಗೆ ಸಿಗುವ ಹಾಗೆ ನಿಂತಿವೆ. ಹಾಗಾಗಿ ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಮಾಡಲೂಬೇಕು ಅನ್ನುವುದು ನನ್ನ ಅಭಿಪ್ರಾಯ. ವೈದ್ಯರು ಮೊದಲು ನಾಲಿಗೆ ತೋರಿಸಿ ಅನ್ನುತ್ತಾರಲ್ಲ, ಎಂಜಿನ್ನಿಗೆ ಪ್ಲಗ್ಗೇ ನಾಲಿಗೆ. ಬೇರೆಯವರು ಬಿಚ್ಚಿ, ಹಳೆಯದನ್ನು ಬಿಸಾಡಿ, ಹೊಸದು ಹಾಕಿ ಕಳಿಸಿದರೆ ಆ ನಾಲಿಗೆಯನ್ನು ನಾವು ನೋಡುವುದೇ ಇಲ್ಲ.

ಮೊದಲು ಆಯ್ಕೆಯ ವಿಚಾರ. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಪ್ಲಗ್ ಅಂದರೆ ಮೈಕೋ ಪ್ಲಗ್. 1951ರಲ್ಲಿ ಶುರುವಾದ ಕಂಪನಿ, ಕಾರ್ಖಾನೆ ಇಲ್ಲೇ ಆಡುಗೋಡಿಯಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಅಂತ ಬದಲಾಯಿತು, ಆದರೂ ಮೈಕೋ ಲೇಔಟ್ ಅನ್ನುವ ಹೆಸರು ಊರಿನ ಬಾಯಲ್ಲಿ ಉಳಿದುಕೊಂಡಿದೆ. ಈಗ ಜೆ.ಸಿ. ರಸ್ತೆಗೆ ಹೋದರೆ ಹತ್ತು ಕಂಪನಿಯ ಪ್ಲಗ್ಗು ಸಿಗುತ್ತವೆ. ಕಂಪನಿ ಯಾವುದಾದರೂ ಇರಲಿ, ಪ್ಲಗ್ಗಿನ ಮೈಮೇಲೆ ಬರೆದಿರುವ ಅಕ್ಷರಗಳನ್ನು ಓದಲು ಬರಬೇಕು. ನನ್ನ ಕಾರಿಗೆ ನಾನು ಹಾಕುವುದು ಎನ್‌ಜಿಕೆ ಕಂಪನಿಯ ಬಿಪಿ6ಇಎಸ್. ಮೊದಲಿನ ಬಿ ಅಂದರೆ ಮರೆ, ತಿರುಗಿಸಿ ಕೂರಿಸುವ ತಿರುಪಿನ ಭಾಗ, 14 ಮಿಲಿಮೀಟರ್ ದಪ್ಪ. ಪಿ ಅಂದರೆ ಪಿಂಗಾಣಿಯ ತುದಿ ಸ್ವಲ್ಪ ಹೊರಗೆ ಚಾಚಿಕೊಂಡಿದೆ. 6 ಅನ್ನುವುದು ಶಾಖದ ಅಂಕೆ. ಇ ಅಂದರೆ ಮರೆಯ ಉದ್ದ 19 ಮಿಲಿಮೀಟರ್. ಕೊನೆಯ ಎಸ್ ಅಂದರೆ ಮಾಮೂಲಿ, ಒಳಗೆ ತಾಮ್ರದ ತಿರುಳಿರುವ ಪ್ಲಗ್.

ಈ ಇ ಅಕ್ಷರದ ಬೆಲೆ ನಾನು ತೆತ್ತು ಕಲಿತದ್ದು. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಬಿಪಿ6 ಕೊಡಿ ಅಂದೆ, ಕೊಟ್ಟರು. ಡಬ್ಬದ ಮೇಲೆ ಬಿಪಿ6ಎಚ್‌ಎಸ್ ಅಂತಿತ್ತು. ಒಂದೇ ಅಕ್ಷರದ ವ್ಯತ್ಯಾಸ, ನಾನು ನೋಡಲಿಲ್ಲ. ಎಚ್ ಅಂದರೆ ಮರೆಯ ಉದ್ದ 12.7 ಮಿಲಿಮೀಟರ್ ಮಾತ್ರ. ಸಲೀಸಾಗಿ ಕೂತವು, ಕಾರು ಸ್ಟಾರ್ಟೂ ಆಯಿತು. ಆದರೆ ಪಿಕಪ್ ಇಲ್ಲ, ಐಡಲಿಂಗಿನಲ್ಲಿ ಮಿಸ್ಸಿಂಗ್. ಕಾರ್ಬ್ಯುರೇಟರ್ ಮೇಲೆ ಅನುಮಾನಪಟ್ಟು ಎರಡು ತಿಂಗಳು ಅದನ್ನೇ ಕೆದಕಿದೆ. ಕೊನೆಗೆ ಮೇಸ್ತ್ರಿ ಒಂದು ಪ್ಲಗ್ ಬಿಚ್ಚಿ, ಹಳೆಯದರ ಪಕ್ಕ ಅಂಗೈಯಲ್ಲಿಟ್ಟು ತೋರಿಸಿದರು. ಹೊಸದು ಬೆರಳಿನ ಉಗುರಿನ ಅರ್ಧದಷ್ಟು ಗಿಡ್ಡ. ಕಿಡಿ ಹಾರುತ್ತಿದ್ದದ್ದು ಸಿಲಿಂಡರಿನಲ್ಲಿ ಅಲ್ಲ, ಮೇಲಿನ ತೂತಿನೊಳಗೆ, ಗವಿಯಲ್ಲಿ ದೀಪ ಹಚ್ಚಿಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಖಾಲಿ ಉಳಿದಿದ್ದ ಕೆಳಗಿನ ಮರೆಗಳ ತುಂಬ ಮಸಿ ಗಟ್ಟಿಯಾಗಿ ಕೂತಿತ್ತು. ಸರಿಯಾದ ಪ್ಲಗ್ ತಂದು ಹಾಕಿದರೆ ಅರ್ಧಕ್ಕೇ ಬಿಗಿಯಿತು. ಮೇಸ್ತ್ರಿ ಮರೆ ಕೊರೆಯುವ ಟ್ಯಾಪ್ ಅನ್ನುವ ಉಪಕರಣದ ಸಂದುಗಳಿಗೆ ಗ್ರೀಸು ತುಂಬಿ, ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ, ಮತ್ತೆ ಒರೆಸಿ ಗ್ರೀಸು ಹಚ್ಚಿ, ಹೀಗೆ ನಾಲ್ಕು ತೂತು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಸಿಯ ಪುಡಿ ಒಳಗೆ ಬೀಳದೆ ಗ್ರೀಸಿಗೆ ಅಂಟಿಕೊಂಡು ಬರಲಿ ಅಂತ ಆ ತಾಳ್ಮೆ. ಇದರ ವಿರುದ್ಧ ತಪ್ಪು ಇನ್ನೂ ಅಪಾಯ. ಗಿಡ್ಡ ಮರೆಯ ಎಂಜಿನ್ನಿಗೆ ಉದ್ದದ ಪ್ಲಗ್ ಹಾಕಿದರೆ ಪಿಸ್ಟನ್ನೇ ಬಂದು ಗುದ್ದಬಹುದು. ಆದ್ದರಿಂದ ಅಂಗಡಿಗೆ ಹೋಗುವಾಗ ಹಳೆಯ ಪ್ಲಗ್ಗೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಪಕ್ಕದಲ್ಲಿಟ್ಟು ಅಳೆದು ತನ್ನಿ.

ಇನ್ನು ಆ 6 ಅನ್ನುವ ಅಂಕೆ. ಬಿಸಿ ಪ್ಲಗ್, ತಂಪು ಪ್ಲಗ್ ಅನ್ನುತ್ತಾರೆ. ಬಿಸಿ ಪ್ಲಗ್ ಅಂದರೆ ಜೋರಾದ ಕಿಡಿ ಅಂತ ಅನೇಕರು ತಿಳಿದಿದ್ದಾರೆ, ಹಾಗಲ್ಲ. ಕಿಡಿ ಅದೇ. ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಶಾಖ ಹೊರಗೆ ಹೋಗಲು ದೂರ ಸಾಗಬೇಕು, ಮೂತಿ ಕಾದೇ ಇರುತ್ತದೆ. ಅದು ಬಿಸಿ ಪ್ಲಗ್. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಇಳಿದುಹೋಗುತ್ತದೆ, ಅದು ತಂಪು ಪ್ಲಗ್. ಮೂತಿಯ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಂಟಿದ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850ರ ಆಚೆ ಹೋದರೆ ಕಿಡಿ ಬರುವ ಮೊದಲೇ ಕೆಂಡದಂಥ ಮೂತಿಯೇ ಪೆಟ್ರೋಲಿಗೆ ಬೆಂಕಿ ಹಚ್ಚಿಬಿಡುತ್ತದೆ, ಪಿಸ್ಟನ್ ತೂತಾಗುವುದು ಹಾಗೆ. ಇವೆರಡರ ನಡುವೆ ಇರುವಂಥ ಪ್ಲಗ್ ನಮಗೆ ಬೇಕು. ಇಲ್ಲೊಂದು ಎಚ್ಚರ ಇರಲಿ. ಎನ್‌ಜಿಕೆಯಲ್ಲಿ ಅಂಕೆ ಏರಿದಷ್ಟೂ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕೆ ಏರಿದಷ್ಟೂ ಬಿಸಿ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವಾಗ ಅಂಕೆ ನೋಡಿ ಊಹಿಸಬೇಡಿ, ಹೋಲಿಕೆಯ ಪಟ್ಟಿ ನೋಡಿ.

ಈಗ ನಮ್ಮ ಊರಿನ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಹತ್ತರಲ್ಲೊಂದು ಪಾಲು ತೆಳು. ಕಾರ್ಬ್ಯುರೇಟರಿಗೆ ಅದು ಗೊತ್ತಾಗುವುದಿಲ್ಲ, ಪೆಟ್ರೋಲು ಸ್ವಲ್ಪ ಹೆಚ್ಚೇ ಬಿಡುತ್ತದೆ. ಮೇಲಿಂದ ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತರೆ ಪ್ಲಗ್ಗಿನ ಮೂತಿ 450 ಡಿಗ್ರಿ ಮುಟ್ಟುವುದೇ ಕಷ್ಟ, ಮಸಿ ಕಟ್ಟುತ್ತದೆ. ಇದಕ್ಕೆ ಪ್ರತಿಯಾಗಿ ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇದೆ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬರುವ ತೂತು, ಅಂದರೆ ಜೆಟ್ಟು, ಅದೇ ಇದ್ದರೂ ಮಿಶ್ರಣ ಸಪ್ಪೆಯಾಗುತ್ತದೆ, ಆಮ್ಲಜನಕಕ್ಕೆ ಹೋಲಿಸಿದರೆ ಇಂಧನ ಕಡಿಮೆಯಾಗುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ. ಎತ್ತರ ಒಂದು ಕಡೆ ಎಳೆದರೆ ಪೆಟ್ರೋಲು ಇನ್ನೊಂದು ಕಡೆ. ಇಂಗ್ಲೆಂಡಿನಲ್ಲಿ ಅರವತ್ತು ವರ್ಷದ ಹಿಂದೆ ಬರೆದ ಪುಸ್ತಕದಲ್ಲಿ ಇದಾವುದೂ ಇಲ್ಲ. ಊರೊಳಗೇ ಓಡಿಸುವ ಕೆಲವರು ಒಂದು ಮೆಟ್ಟಿಲು ಬಿಸಿಯಾದ 5 ಹಾಕುತ್ತಾರೆ, ಅದರಲ್ಲಿ ತಪ್ಪಿಲ್ಲ. ನಾನು ಹಾಕುವುದಿಲ್ಲ. ಯಾಕೆಂದರೆ ಭಾನುವಾರ ದೇವನಹಳ್ಳಿ ರಸ್ತೆಯಲ್ಲಿ ಇದೇ ಕಾರನ್ನು ಒಂದೇ ವೇಗದಲ್ಲಿ ಒಂದು ಗಂಟೆ ಓಡಿಸುತ್ತೇನೆ. ಕಾರ್ಬ್ಯುರೇಟರಿನ ಕಾಯಿಲೆಗೆ ಪ್ಲಗ್ಗಿನಿಂದ ಮದ್ದು ಮಾಡಬಾರದು. ಮಸಿ ಬರುತ್ತಿದ್ದರೆ ಮೊದಲು ಕಾರ್ಬ್ಯುರೇಟರ್ ಸರಿ ಮಾಡಿ, ಆಮೇಲೆ ಪ್ಲಗ್ಗಿನ ಅಂಕೆ ಯೋಚಿಸಿ.

ಇರಿಡಿಯಂ ಹಾಕಲೇ ಅಂತ ಕೇಳುತ್ತಾರೆ. ಒಳ್ಳೆಯ ಪ್ಲಗ್ಗೇ, ದೀರ್ಘ ಬಾಳಿಕೆಯದು. ಆದರೆ ಕಾರ್ಬ್ಯುರೇಟರಿನ ಹಳೆಯ ಕಾರಿನಲ್ಲಿ ಮಸಿ, ಎಣ್ಣೆ ಇದ್ದದ್ದೇ. ಕಡಿಮೆ ಬೆಲೆಯ ತಾಮ್ರದ ಪ್ಲಗ್ಗನ್ನು ಆಗಾಗ ಬದಲಿಸುವುದು ಮೇಲು. ಬಿಪಿಆರ್ ಅಂತ ಆರ್ ಅಕ್ಷರ ಸೇರಿದ್ದರೆ ಒಳಗೆ ಸುಮಾರು 5000 ಓಮ್ಸ್ ರೆಸಿಸ್ಟರ್ ಇದೆ ಅಂತ ಅರ್ಥ. ಅಪ್ಪನ ರೇಡಿಯೋದ ಗೊರಗೊರ ಅಡಗಿಸುವುದೇ ಅದರ ಕೆಲಸ. ಕಿಡಿ ಹಾರುವ ಹೊತ್ತು ನಿರ್ಧರಿಸುವ ಹಳೆಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಈ ಆರ್ ಇರುವ ಪ್ಲಗ್ಗನ್ನೇ ಹಾಕಿ, ಇಲ್ಲದಿದ್ದರೆ ಆ ಗೊರಗೊರ ಇಗ್ನಿಷನ್ನಿನ ಪೆಟ್ಟಿಗೆಯನ್ನೇ ಗಲಿಬಿಲಿ ಮಾಡುತ್ತದೆ.

ಬದಲಾಯಿಸುವ ಕೆಲಸ ಹೀಗೆ. ಎಂಜಿನ್ ತಣ್ಣಗಿರಬೇಕು. ವೈರುಗಳಿಗೆ ಒಂದು, ಎರಡು, ಮೂರು, ನಾಲ್ಕು ಅಂತ ಟೇಪಿನ ಮೇಲೆ ಬರೆದು ಅಂಟಿಸಿ. ಈ ಎಂಜಿನ್ನು ಹೊತ್ತುವ ಕ್ರಮ 1-3-4-2, ಎರಡು ವೈರು ಅದಲುಬದಲಾದರೂ ಕೆಮ್ಮುತ್ತದೆ. ವೈರು ಹಿಡಿದು ಎಳೆಯಬೇಡಿ, ಟೊಪ್ಪಿ ಹಿಡಿದು ಎಳೆಯಿರಿ. ಪ್ಲಗ್ಗಿನ ಬುಡದ ಗುಳಿಯಲ್ಲಿ ಧೂಳು, ಮರಳು ತುಂಬಿರುತ್ತದೆ. ನನ್ನ ಹತ್ತಿರ ಒಂದು ಸೈಕಲ್ ಪಂಪ್ ಇದೆ, ಅದರಲ್ಲಿ ಊದುತ್ತೇನೆ, ಪ್ಲಗ್ಗನ್ನು ಕಾಲು ಸುತ್ತು ಸಡಿಲ ಮಾಡಿ ಇನ್ನೊಮ್ಮೆ ಊದುತ್ತೇನೆ. ಸ್ಪ್ಯಾನರ್ ನೆಟ್ಟಗಿರಲಿ, ವಾಲಿದರೆ ಪಿಂಗಾಣಿ ಸೀಳುತ್ತದೆ. ಕೂದಲಿನಂಥ ಆ ಸೀಳು ಕಣ್ಣಿಗೆ ಕಾಣುವುದೇ ಇಲ್ಲ, ಮಳೆಗಾಲದಲ್ಲಿ ಮಾತ್ರ ಗೊತ್ತಾಗುತ್ತದೆ.

ಹೊಸ ಪ್ಲಗ್ ಅಂತ ಗ್ಯಾಪ್ ನೋಡದೆ ಹಾಕಬೇಡಿ. ಗ್ಯಾಪ್ ಅಂದರೆ ಪ್ಲಗ್ಗಿನ ನಡುವಿನ ಕಡ್ಡಿಗೂ ಪಕ್ಕದ ಕೊಂಡಿಗೂ ಮಧ್ಯೆ ಕಿಡಿ ಹಾರುವ ಸಂದು. ಡಬ್ಬದಲ್ಲಿ ಬರುವ ಗ್ಯಾಪು ಎಲ್ಲ ಕಾರಿಗೂ ಒಪ್ಪುವುದಿಲ್ಲ. ಎಂಜಿಬಿಗೆ ಇಪ್ಪತ್ತೈದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತೈದು ಪಾಲು, 0.64 ಮಿಲಿಮೀಟರ್. ಸಂದು ಅಳೆಯುವ ಫೀಲರ್ ಗೇಜಿನ ಎಲೆ ನಡುವೆ ತೂರಿಸಿದರೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ಸ್ವಲ್ಪ ಹಿಡಿದು ಬಿಡಬೇಕು. ಜಾಸ್ತಿಯಿದ್ದರೆ ಪಕ್ಕದ ಕೊಂಡಿಯನ್ನು ಮರದ ಮೇಲೆ ಮೆತ್ತಗೆ ತಟ್ಟಿ. ನಡುವಿನ ಕಡ್ಡಿಯನ್ನು ಮುಟ್ಟಬೇಡಿ, ಅದಕ್ಕೆ ಒತ್ತುಕೊಟ್ಟು ಬಗ್ಗಿಸಿದರೆ ಪಿಂಗಾಣಿ ಒಡೆಯುತ್ತದೆ. ಕೂರಿಸುವಾಗ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಮರೆ ಅಡ್ಡ ಹತ್ತಿದರೆ ಪೈಪು ಜಾರುತ್ತದೆ, ಮರೆ ಕೆಡುವುದಿಲ್ಲ. ಪ್ಲಗ್ಗು ಕೂರುವ ಮೇಲ್ಭಾಗ, ಅಂದರೆ ಹೆಡ್ಡು, ಈ ಎಂಜಿನ್ನಿನಲ್ಲಿ ಬೀಡುಕಬ್ಬಿಣದ್ದು, ಒಂದಿಷ್ಟು ತಡೆದುಕೊಳ್ಳುತ್ತದೆ. ಹಳೆಯ ಫಿಯಟ್‌ನಂಥ ಅಲ್ಯೂಮಿನಿಯಂ ಹೆಡ್ಡಾದರೆ ಒಂದು ಸಲ ಅಡ್ಡ ಹತ್ತಿಸಿದರೆ ಮುಗಿಯಿತು, ಹೆಡ್ಡು ಲೇಥಿಗೆ ಹೋಗಬೇಕು. ಬೆರಳಿನ ಬಿಗಿ ಮುಗಿದ ಮೇಲೆ ಹೊಸ ವಾಷರಿದ್ದರೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಅದೇ ಪ್ಲಗ್ಗನ್ನು ಮತ್ತೆ ಹಾಕುತ್ತಿದ್ದರೆ ಹನ್ನೆರಡರಲ್ಲೊಂದು ಸುತ್ತು, ಗಡಿಯಾರದ ಗಂಟೆಯ ಮುಳ್ಳು ಒಂದು ಗಂಟೆ ಸರಿದಷ್ಟು. ಅದಕ್ಕಿಂತ ಹೆಚ್ಚು ಬೇಡ.

ಇನ್ನೊಂದು ವಿಷಯ ಹೇಳಲೇಬೇಕು. 1967ಕ್ಕೆ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಅರ್ತು, ಅಂದರೆ ಕಾರಿನ ಲೋಹದ ಮೈಗೆ ಜೋಡಿಸಿದ್ದು. ನಮ್ಮ ಕಾರಿನಲ್ಲಿ ಅದನ್ನು ಯಾರೋ ನೆಗೆಟಿವ್‌ಗೆ ತಿರುಗಿಸಿದ್ದರು, ಕಿಡಿಗೆ ಬೇಕಾದ ವೋಲ್ಟೇಜು ಹುಟ್ಟಿಸುವ ಕಾಯಿಲ್‌ನ ಎರಡು ಸಣ್ಣ ವೈರುಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. ಎಲೆಕ್ಟ್ರಾನುಗಳು ಕಾದ ಲೋಹದಿಂದ ಸುಲಭವಾಗಿ ಹಾರುತ್ತವೆ. ಪ್ಲಗ್ಗಿನಲ್ಲಿ ಹೆಚ್ಚು ಕಾದಿರುವುದು ನಡುವಿನ ಕಡ್ಡಿ. ಅಲ್ಲಿಂದ ಹಾರಬೇಕಾದ ಕಿಡಿ ಪಕ್ಕದ ಕೊಂಡಿಯಿಂದ ಹಾರುತ್ತಿತ್ತು, ಅದಕ್ಕೆ ವೋಲ್ಟೇಜು ಹೆಚ್ಚು ಬೇಕು. ಡಿಸೆಂಬರಿನ ಚಳಿಯಲ್ಲಿ ಎಷ್ಟು ಹೊಸ ಪ್ಲಗ್ ಹಾಕಿದರೂ ಸ್ಟಾರ್ಟ್ ಆಗಲು ಒದ್ದಾಡುತ್ತಿತ್ತು. ಮೇಸ್ತ್ರಿ ಆ ಎರಡು ವೈರು ಅದಲುಬದಲು ಮಾಡಿದರು. ಮರುದಿನ ಬೆಳಿಗ್ಗೆ ಮೊದಲ ಸುತ್ತಿಗೇ ಹೊತ್ತಿಕೊಂಡಿತು.

ಕೊನೆಗೆ ನಾಲಿಗೆ ಓದುವುದು. ಟ್ರಾಫಿಕ್ಕಿನಲ್ಲಿ ತೆವಳಿ ಮನೆಗೆ ಬಂದ ಮೇಲೆ ಬಿಚ್ಚಿದರೆ ಪ್ಲಗ್ ಹೇಳುವುದು ಟ್ರಾಫಿಕ್ಕಿನ ಕಥೆಯನ್ನೇ. ನಾನು ನಂದಿ ಬೆಟ್ಟದ ಬುಡದವರೆಗೆ ಒಂದೇ ಸಮ ಓಡಿಸಿ, ಐಡಲಿಂಗಿನಲ್ಲಿ ಬಿಡದೆ ಇಗ್ನಿಷನ್ ಆರಿಸಿ, ಪಕ್ಕಕ್ಕೆ ನಿಲ್ಲಿಸುತ್ತೇನೆ. ಟೀ ಕುಡಿದು, ಎಂಜಿನ್ ಆರುವವರೆಗೆ ಕಾದು, ನಾಲ್ಕನ್ನೂ ಬಿಚ್ಚಿ ಪೇಪರಿನ ಮೇಲೆ ಸಾಲಾಗಿ ಇಡುತ್ತೇನೆ. ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣವಿದ್ದರೆ ಸರಿಯಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಜಿಡ್ಡು ಜಿಡ್ಡಾಗಿ ಕಪ್ಪಗಿದ್ದರೆ ಪಿಸ್ಟನ್ನಿನ ರಿಂಗೋ ವಾಲ್ವ್ ಗೈಡೋ ಸವೆದು ಆಯಿಲ್ ಒಳಗೆ ಬರುತ್ತಿದೆ. ಬಿಳಿಚಿ, ಸಣ್ಣ ಗುಳ್ಳೆ ಎದ್ದಿದ್ದರೆ ಇನ್ನು ಜೋರಾಗಿ ಓಡಿಸಬೇಡಿ, ಮಿಶ್ರಣ ಸಪ್ಪೆಯಾಗಿದೆ ಅಥವಾ ಟೈಮಿಂಗ್ ಮುಂದಕ್ಕೆ ಹೋಗಿದೆ, ಕಿಡಿ ಹೊತ್ತಿಗೆ ಮೊದಲೇ ಹಾರುತ್ತಿದೆ. ಎರಡು ಕಾರ್ಬ್ಯುರೇಟರ್ ಇರುವುದರಿಂದ ಜೋಡಿ ಜೋಡಿಯಾಗಿ ನೋಡಬೇಕು. ಮುಂದಿನದು ಒಂದು ಮತ್ತು ಎರಡನೇ ಸಿಲಿಂಡರಿನ ದಾರಿಗೆ ಉಣಿಸುತ್ತದೆ, ಹಿಂದಿನದು ಮೂರು ಮತ್ತು ನಾಲ್ಕಕ್ಕೆ.

ನೋಡಿಯಾದ ಪ್ಲಗ್ಗನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ಪಿಂಗಾಣಿಯ ಮೇಲೆ ಲೋಹದ ಗೀರು ಉಳಿದರೆ ಕಿಡಿ ಅದನ್ನೇ ದಾರಿ ಮಾಡಿಕೊಂಡು ಸೋರಿಹೋಗುತ್ತದೆ. ಪೆಟ್ರೋಲು, ಹಳೆಯ ಟೂತ್ ಬ್ರಷ್ ಸಾಕು.

ನಮ್ಮ ತಂದೆ ತೆಗೆದ ಪ್ಲಗ್ಗುಗಳನ್ನು ಬಿಸಾಡುತ್ತಿರಲಿಲ್ಲ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಸಿಲಿಂಡರ್ ನಂಬರು, ತಾರೀಖು, ಮೀಟರಿನ ಮೈಲಿ ಬರೆದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ತಳದಲ್ಲಿ ಇನ್ನೂ ನಾಲ್ಕು ಮೈಕೋ ಪ್ಲಗ್ಗಿವೆ, ನಾಲ್ಕೂ ಕಾಫಿ ಬಣ್ಣ. ಹೋದ ಭಾನುವಾರ ನಂದಿಯ ಬುಡದಲ್ಲಿ ನಾನು ಬಿಚ್ಚಿದವನ್ನೂ ಅದೇ ಡಬ್ಬಕ್ಕೆ ಸೇರಿಸಿದೆ. ಒಂದು, ಎರಡು ಚೆನ್ನಾಗಿವೆ. ಮೂರು, ನಾಲ್ಕು ಕಪ್ಪಗೆ ಒಣ ಮಸಿ. ಹೊಸ ಪ್ಲಗ್ ಹಾಕಿದ್ದೇನೆ, ಆದರೆ ಈ ಭಾನುವಾರ ಹಿಂದಿನ ಕಾರ್ಬ್ಯುರೇಟರ್ ಬಿಚ್ಚಬೇಕು.

ನಮಸ್ಕಾರ.